ಇಂಗ್ಲಿಷ್ ಭಾಷೆಯಲ್ಲಿ ಕ್ರಿಯಾಸಮುಚ್ಚಯ

ಒಬ್ಬನೇ ಕರ್ತೃವಿನ ಎರಡು ಕ್ರಿಯೆಗಳನ್ನು ಒಟ್ಟಿಗೆ ಹೇಳಬೇಕಾದಲ್ಲಿ ಇಂಗ್ಲಿಷಿನವರು ಎರಡನ್ನೂ ಪೂರ್ಣಕ್ರಿಯಾಪದಗಳಾಗಿಯೇ ಇಟ್ಟು ನಡುವೆ 'ಆಂಡ್' ಎಂಬ ಅವ್ಯಯವನ್ನು ಸೇರಿಸುವರು. 'ರಾಮ ಕೇಮ್ ಆಂಡ್ ಸ್ಯಾಟ್' ಎಂಬುದನ್ನು ಪದಕ್ಕೆ ಪದವಿಟ್ಟು ಹೇಳಿದರೆ 'ರಾಮನು ಬಂದನು ಮತ್ತು ಕುಳಿತನು' ಎಂದಾಗುವುದು. ಕನ್ನಡಿಗನಾದವನು ಹೀಗೆ ಹೇಳನು. 'ರಾಮನು ಬಂದು ಕುಳಿತನು' ಎನ್ನುವನು. ಸಂಸ್ಕೃತದಲ್ಲಿಯೂ 'ಆಗತ್ಯ ಉಪಾವಿಶತ್' ಎಂಬುದೇ ಸಹಜವಾದ ಪ್ರಯೋಗ. ಮೇಲುನೋಟಕ್ಕೆ ಇದು ಬಾಲಬೋಧೆಯ ವಿಷಯವೆಂದು ತೋರಬಹುದು. ಆದರೆ ಆ ಇಂಗ್ಲಿಷ್ ವಾಕ್ಯವು ವಸ್ತುತಃ ಒಂದೋ ಎರಡೋ? 'ಆಂಡ್' ಎಂಬುದು ಕೂಡಿಸುವುದು ಎರಡು ವಾಕ್ಯಗಳನ್ನೋ, ಅಥವಾ ಕರ್ತೃಪದವನ್ನು ಬಿಟ್ಟು ಉಳಿದ ಎರಡು ವಿಧೇಯಭಾಗಗಳನ್ನು ಮಾತ್ರವೋ? ಬಂದುದು ಮೊದಲು, ಕುಳಿತುದು ಅನಂತರ ಎಂಬ ಪೌರ್ವಾಪರ್ಯವು ಶಬ್ದದಿಂದ ಬಂದಿತೋ ಅರ್ಥದಿಂದ ಬಂದಿತೋ? ಆ ದೇಶದ ವೈಯಾಕರಣರನ್ನೂ ತಾರ್ಕಿಕರನ್ನೂ ಈ ಪ್ರಶ್ನೆಗಳು ಬಹುಕಾಲ ಕಾಡಿವೆ. ಅವರು ಹೇಳಿದ ಉತ್ತರಗಳ ಚರಿತ್ರೆಯನ್ನು ನಮ್ಮ ಪದವಾಕ್ಯಶಾಸ್ತ್ರಗಳ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಇಂಗ್ಲಿಷನ್ನು ಕಲಿಸುವವರಿಗೂ ಅದರಿಂದ ಕನ್ನಡಕ್ಕೆ ಭಾಷಾಂತರಿಸುವವರಿಗೂ ಈ ವಿಚಾರವು ದಿನನಿತ್ಯದ ಕೆಲಸಕ್ಕೆ ಸಂಬಂಧಿಸಿದುದೇ ಆಗಿದೆ.

ಮೊದಲು ಪ್ರಾಚೀನ ಪ್ರಯೋಗವನ್ನು ನೋಡಬೇಕು. ಆಂಗ್ಲೋ-ಸ್ಯಾಕ್ಸನ್ ಕಾಲದ ಹಳೆಯ ಇಂಗ್ಲಿಷಿನಲ್ಲಿ ಈ ಅವ್ಯಯವು 'ಆಂಡ್' ಎಂದೂ 'ಒಂಡ್' ಎಂದೂ ಎರಡು ರೂಪಗಳಲ್ಲಿ ಕಂಡುಬರುವುದು. ಆ ಕಾಲದ ರಾಜಚರಿತ್ರೆಯಾದ 'ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್' ಎಂಬ ಗ್ರಂಥದಲ್ಲಿ, 755ನೆಯ ವರ್ಷದ ಕೆಳಗೆ ಬರೆದಿರುವ ಕಿನೆವುಲ್ಫ ಮತ್ತು ಕಿನೆಹಾರ್ಡರ ಕಲಹದ ಪ್ರಸಿದ್ಧ ವೃತ್ತಾಂತವು ಇಂತಹ ಸಮುಚ್ಚಯಗಳಿಂದಲೇ ಹೆಣೆದುಹೋಗಿದೆ. ಆ ಭಾಷೆಯ ಒಂದು ವಿಶೇಷವು ಲಕ್ಷಿಸತಕ್ಕದ್ದು. ಸ್ವತಂತ್ರವಾದ ಪ್ರಧಾನವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಮುಂದೆ ಬರುವುದು. ಅಧೀನವಾಕ್ಯದಲ್ಲಿ ಅನೇಕ ವೇಳೆ ಕೊನೆಗೆ ಸರಿಯುವುದು. 'ಆಂಡ್' ಎಂಬುದರಿಂದ ಆರಂಭವಾಗಿ ಕರ್ತೃಪದವಿಲ್ಲದೆ ನಡೆಯುವ ಎರಡನೆಯ ಭಾಗದಲ್ಲಿಯೂ ಕ್ರಿಯಾಪದವು ಹೀಗೆಯೇ ಹಲವೆಡೆ ಕೊನೆಗೆ ಬಂದು ನಿಲ್ಲುವುದು. ಅಂದರೆ ಆ ಭಾಗವು ತನ್ನ ಕಾಲ ಮೇಲೆ ತಾನು ನಿಂತ ವಾಕ್ಯದಂತೆ ನಡೆಯದೆ, ಹಿಂದಿನದಕ್ಕೆ ಅಂಟಿಕೊಂಡುದರಂತೆ ನಡೆಯುತ್ತಿದ್ದಿತು. ಕಾಲಕ್ರಮದಲ್ಲಿ ಇಂಗ್ಲಿಷಿನ ಪದಕ್ರಮವು ಕರ್ತೃ, ಕ್ರಿಯೆ, ಕರ್ಮ ಎಂದು ನಿಯತವಾಗಲು ಈ ಭೇದವು ಅಳಿಸಿಹೋಯಿತು. ಆಮೇಲೆ ಬಂದವರ ಕಣ್ಣಿಗೆ ಎರಡು ಭಾಗಗಳೂ ಒಂದೇ ಅಚ್ಚಿನವಾಗಿ ಕಂಡುವು.

1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲನ್ನು ತೆರೆದವರಿಗೆ ಪುಟಪುಟದಲ್ಲಿಯೂ 'ಆಂಡ್' ಎಂಬುದರ ಮಾಲೆಯು ಕಾಣುವುದು. ಅದಕ್ಕೆ ಕಾರಣವು ಮೂಲವಾದ ಹೀಬ್ರೂ ಭಾಷೆ. ಕಥೆಯನ್ನು ಹೇಳುವಾಗ ಆ ಭಾಷೆಯು ಕ್ರಿಯೆಯಿಂದ ಕ್ರಿಯೆಗೆ ಒಂದು ಚಿಕ್ಕ ಸಮುಚ್ಚಯಾಕ್ಷರವನ್ನು ಮುಂದಿಟ್ಟುಕೊಂಡು ಸಾಗುವುದು. 1530ರಲ್ಲಿ ಮೋಶೆಯ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ಟಿಂಡೇಲನು ಆ ನಡೆಯನ್ನು ಉಳಿಸಿಕೊಂಡನು. ಮುಂದಿನವರು ಅವನನ್ನು ಅನುಸರಿಸಿದರು. ಹೀಗೆ ಪರಭಾಷೆಯಿಂದ ಬಂದ ನಡೆಯೊಂದು ಇಂಗ್ಲಿಷ್ ಗದ್ಯದ ಗಾಂಭೀರ್ಯಕ್ಕೇ ಕಾರಣವಾಯಿತು. ಭಾಷಾಂತರವು ಭಾಷೆಯನ್ನು ಕೆಡಿಸಿಯೇ ತೀರುವುದೆನ್ನುವವರು ಇದನ್ನೊಮ್ಮೆ ನೆನೆಯಬೇಕು.

ಇನ್ನು ಶಾಸ್ತ್ರದ ಕಡೆಗೆ ಬರೋಣ. ಇಂಗ್ಲಿಷಿಗೆ ವ್ಯಾಕರಣವನ್ನು ಬರೆದವರಲ್ಲಿ ಮೊದಲಿಗನು 1586ರ ಬುಲ್ಲೋಕರನು. ಅವನೂ ಅವನ ತರುವಾಯದವರೂ ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿಯೇ ತಮ್ಮ ಭಾಷೆಯನ್ನು ಎರೆದರು. ಆಗ ಶಾಲೆಗಳಲ್ಲಿ ನಡೆಯುತ್ತಿದ್ದ ಲಿಲಿಯ ಲ್ಯಾಟಿನ್ ವ್ಯಾಕರಣವು ಸಮುಚ್ಚಯಾವ್ಯಯವು ಪದಗಳನ್ನೂ ವಾಕ್ಯಗಳನ್ನೂ ಕೂಡಿಸುವುದೆಂದು ಎರಡನ್ನೂ ಒಟ್ಟಿಗೆ ಹೇಳಿ ಮುಗಿಸಿದ್ದಿತು. ವಿವಾದಕ್ಕೆ ಆಸ್ಪದ ಕೊಟ್ಟವನು ಜೇಮ್ಸ್ ಹ್ಯಾರಿಸನು. ಅವನು 1751ರಲ್ಲಿ ಪ್ರಕಟಿಸಿದ 'ಹರ್ಮೀಸ್' ಎಂಬ ಗ್ರಂಥದಲ್ಲಿ, ಸಮುಚ್ಚಯಾವ್ಯಯಕ್ಕೆ ಸ್ವತಃ ಅರ್ಥವಿಲ್ಲ, ಅರ್ಥವುಳ್ಳ ವಾಕ್ಯಗಳು ಎರಡೋ ಹೆಚ್ಚೋ ಇದ್ದಲ್ಲಿ ಅವನ್ನು ಒಂದಾಗಿ ಮಾಡುವುದೇ ಅದರ ಕೆಲಸವೆಂದು ಲಕ್ಷಣವನ್ನು ಕಟ್ಟಿದನು. ನಮ್ಮವರು ನಿಪಾತಗಳನ್ನು ದ್ಯೋತಕಗಳೆಂದು ಹೇಳುವ ಪಕ್ಷವು ವಾಚಕರಿಗೆ ಇಲ್ಲಿ ಜ್ಞಾಪಕಕ್ಕೆ ಬಂದೀತು. 1762ರಲ್ಲಿ ರಾಬರ್ಟ್ ಲೌತನು ತನ್ನ ಚಿಕ್ಕ ವ್ಯಾಕರಣದಲ್ಲಿ ಇದೇ ಮತವನ್ನು ಸ್ಥಿರಪಡಿಸಿದನು. ನೀನೂ ನಾನೂ ಪೀಟರನೂ ಲಂಡನಿಗೆ ಕುದುರೆಯೇರಿ ಹೋದೆವೆಂಬುದು ಅವನ ಉದಾಹರಣೆ. ಅದು ಮೂರು ವಾಕ್ಯಗಳು ಎರಡು 'ಆಂಡ್'ಗಳಿಂದ ಬೆಸೆದು ಒಂದಾದುದೆಂದು ಅವನ ವಿವರಣೆ. ಈ ಲೌತನು ಸಾಮಾನ್ಯನಲ್ಲ. ಹೀಬ್ರೂ ಕಾವ್ಯದಲ್ಲಿ ಪಾದವು ಪಾದಕ್ಕೆ ಸಮಾನಾರ್ಥದಿಂದ ಉತ್ತರ ಕೊಡುವ ರೀತಿಯನ್ನು ಎತ್ತಿ ತೋರಿಸಿದ ಮಹಾವಿದ್ವಾಂಸನು. ಮುಂದೆ ಲಂಡನಿನ ಬಿಷಪ್ಪನೂ ಆದನು.

1786ರಲ್ಲಿ ಹಾರ್ನ್ ಟೂಕ್ ಎಂಬವನು 'ಆಂಡ್' ಎಂಬುದನ್ನು ರಾಶಿಗೆ ಸೇರಿಸೆಂಬ ಅರ್ಥದ ಪ್ರಾಚೀನ ವಿಧಿರೂಪದಿಂದ ವ್ಯುತ್ಪಾದಿಸಲು ಹೊರಟನು. ಆ ವ್ಯುತ್ಪತ್ತಿಯನ್ನು ಇಂದು ಯಾರೂ ಒಪ್ಪುವುದಿಲ್ಲ. ಅದನ್ನು ಇಲ್ಲಿಯೇ ಬಿಡಬಹುದು. ನಮಗೆ ಹೆಚ್ಚು ಉಪಯುಕ್ತನಾದವನು 1795ರ ಲಿಂಡ್ಲೆ ಮರ್ರೆ. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಯಾರ್ಕಿನಲ್ಲಿ ನೆಲೆಸಿದ ಈತನ ವ್ಯಾಕರಣವು ಅಸಂಖ್ಯಾತ ಮುದ್ರಣಗಳನ್ನು ಕಂಡಿತು. ಅವನು ಲೌತನ ಲಕ್ಷಣವನ್ನೇ ತೆಗೆದುಕೊಂಡು, ಅದರ ಬಾಲಕ್ಕೆ 'ಕೆಲವು ವೇಳೆ ಪದಗಳನ್ನು ಮಾತ್ರ ಕೂಡಿಸುವುದು' ಎಂಬ ಅಭಿಪ್ರಾಯದ ಮಾತೊಂದನ್ನು ಸೇರಿಸಿದನು. 'ಎರಡೂ ಮೂರೂ ಕೂಡಿ ಐದು' ಎಂಬಲ್ಲಿ ಎರಡು ಐದೆಂದೂ ಮೂರು ಐದೆಂದೂ ಬಿಡಿಸಲಾದೀತೇ? ನಾಮಪದಗಳ ವಿಷಯದಲ್ಲಿ ವಾಕ್ಯಸಮುಚ್ಚಯದ ಮತವು ನಿಲ್ಲದೆಂಬುದು ಇಂತಹ ಉದಾಹರಣೆಗಳಿಂದ ಸುಲಭವಾಗಿ ಗೊತ್ತಾಗುವುದು. ಆದರೆ ಕ್ರಿಯಾಪದಗಳ ವಿಷಯದಲ್ಲಿ ಅದೇ ಮತವು ಅಕ್ಷುಣ್ಣವಾಗಿ ಉಳಿಯಿತು. 'ರಾಮ ಕೇಮ್ ಆಂಡ್ ಸ್ಯಾಟ್' ಎಂಬುದು ರಾಮನು ಬಂದನು, ರಾಮನು ಕುಳಿತನು ಎಂಬೆರಡು ವಾಕ್ಯಗಳ ಸಂಕೋಚವೆಂದೂ, ಎರಡನೆಯ 'ರಾಮ' ಶಬ್ದವು ಲೋಪವಾಗಿದೆಯೆಂದೂ ನಮ್ಮ ದೇಶದ ಶಾಲೆಗಳಲ್ಲಿ ತಲೆಮಾರುಗಳವರೆಗೆ ಹೇಳಿಕೊಟ್ಟರು. ಎರಡು ವಾಕ್ಯಗಳನ್ನು ಕೊಟ್ಟು 'ಕೂಡಿಸಿರಿ' ಎಂದು ಕೇಳುವ ಪರೀಕ್ಷಾಪ್ರಶ್ನೆಯ ಹಿಂದೆ ಇರುವುದು ಈ ಮತವೇ.

ಈ ಲೋಪಪಕ್ಷವು ನಮಗೆ ಅಪರಿಚಿತವಲ್ಲ. ಜೈಮಿನಿಯು ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಅನುಷಂಗವನ್ನು ಹೇಳಿರುವನು. ಉಪಸತ್ತಿನ ಮಂತ್ರಗಳಲ್ಲಿ ಮೊದಲನೆಯದರ ಕೊನೆಗೆ ಪಠಿತವಾದ ಶೇಷಭಾಗವು ಮುಂದಿನ ಎರಡಕ್ಕೂ ಸಮಾನವಾಗಿ ಬೇಕಾಗಿರುವುದರಿಂದ ಅಲ್ಲಿಗೂ ಅನ್ವಯಿಸುವುದು. ವಾಕ್ಯಗಳು ಮೂರು, ಹಂಚಿಕೊಂಡ ಪದಗಳು ಒಂದೇ. ಲೌತನ ಮತವೆಂದರೆ ಸರ್ವತ್ರ ಅನುಷಂಗವೆಂದಂತೆಯೇ. ಆದರೆ ಅದೇ ಪಾದದಲ್ಲಿ ಅದಕ್ಕೆ ಮುಂಚೆಯೇ ಏಕವಾಕ್ಯತೆಯ ಲಕ್ಷಣವನ್ನು ಕೊಟ್ಟಿದೆ: ಪ್ರಯೋಜನವು ಒಂದಾಗಿದ್ದು, ಬಿಡಿಸಿದರೆ ಭಾಗಗಳು ಸಾಕಾಂಕ್ಷವಾಗಿ ಉಳಿಯುವುದಾದರೆ ಆ ಪದಸಮೂಹವು ಒಂದೇ ವಾಕ್ಯ. ಏಕವಾಕ್ಯತೆಯು ಸಂಭವಿಸುತ್ತಿರುವಾಗ ವಾಕ್ಯಭೇದವನ್ನು ಕಲ್ಪಿಸುವುದು ದೋಷವೆಂಬುದಂತೂ ಮೀಮಾಂಸಕರ ಸುಪ್ರಸಿದ್ಧವಾದ ನ್ಯಾಯ. ಅನುಷಂಗಕ್ಕೆ ಹೋಗಬೇಕಾದರೆ ಅಲ್ಲಿ ಬೇರೆ ದಾರಿಯಿಲ್ಲವೆಂದು ಮೊದಲು ತೋರಿಸಬೇಕು. ಇಂಗ್ಲಿಷ್ ವೈಯಾಕರಣರು ಅದನ್ನು ತೋರಿಸಲಿಲ್ಲ. ಲೋಪವನ್ನು ಸಿದ್ಧವಸ್ತುವಾಗಿ ಇಟ್ಟುಕೊಂಡೇ ಹೊರಟರು.

ಪಾಣಿನೀಯರಲ್ಲಿಯೂ ಇದೇ ಚರ್ಚೆಯು ಸ್ವರದ ನೆಪದಿಂದ ಎದ್ದಿದೆ. ಅಷ್ಟಮಾಧ್ಯಾಯದ ಮೊದಲ ಪಾದದ 28ನೆಯ ಸೂತ್ರದಂತೆ, ತಿಙಂತವಲ್ಲದ ಪದದ ಮುಂದೆ ಬರುವ ತಿಙಂತವು ಸರ್ವಾನುದಾತ್ತವಾಗುವುದು. ಇಲ್ಲಿ 'ತಿಙಂತವಲ್ಲದ' ಎಂದು ಏಕೆ ಹೇಳಬೇಕು? ಒಂದು ವಾಕ್ಯದಲ್ಲಿ ಒಂದೇ ತಿಙಂತವೆಂದು ಲಕ್ಷಣವನ್ನು ಹೇಳಿದ ವಾರ್ತಿಕಕಾರನ ಮತದಲ್ಲಿ ಆ ಪದವು ವ್ಯರ್ಥವಾಗುವುದು. ಸೂತ್ರಕಾರನಾದರೋ ಅದನ್ನು ಇಟ್ಟಿರುವನು; ಆದಕಾರಣ ಎರಡು ತಿಙಂತಗಳುಳ್ಳ ಏಕವಾಕ್ಯವನ್ನು ಅವನು ಒಪ್ಪಿದನೆಂದು ಊಹಿಸಲು ಎಡೆಯುಂಟು. ಇಷ್ಟೇ ಅಲ್ಲ. ಅದೇ ಪಾದದ 59ನೆಯ ಸೂತ್ರವು 'ಚ' 'ವಾ' ಎಂಬವುಗಳ ಯೋಗವಿದ್ದಲ್ಲಿ ಮೊದಲನೆಯ ತಿಙಂತಕ್ಕೆ ಮಾತ್ರ ಆ ನಿಘಾತವನ್ನು ನಿಷೇಧಿಸುವುದು. ಸಮುಚ್ಚಿತವಾದ ಎರಡು ಕ್ರಿಯೆಗಳಲ್ಲಿ ಮೊದಲನೆಯದು ಸ್ವರವನ್ನು ಉಳಿಸಿಕೊಂಡು ಎರಡನೆಯದು ಅದನ್ನು ಬಿಟ್ಟುಕೊಡುವುದೆಂದ ಮೇಲೆ, ಅವೆರಡೂ ಒಂದನ್ನೊಂದು ಅರಿಯದ ಬೇರೆ ಬೇರೆ ವಾಕ್ಯಗಳಂತೆ ನಡೆಯಲಿಲ್ಲವೆಂದಾಯಿತು. ಮೇಲೆ ಹೇಳಿದ ಹಳೆಯ ಇಂಗ್ಲಿಷಿನ ಪದಕ್ರಮಭೇದವನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಸ್ಥಾನ, ಇಲ್ಲಿ ಸ್ವರ. ಎರಡೂ ಸಮುಚ್ಚಿತಕ್ರಿಯೆಗಳ ಪರಸ್ಪರಸಂಬಂಧದ ಗುರುತುಗಳೇ.

ಇಂಗ್ಲಿಷಿನಲ್ಲಿ ಲೋಪಪಕ್ಷವು ಮುರಿದುಬಿದ್ದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮೊದಲು ಅದು ಒಮ್ಮೆ ಹೊಸ ತೇಜಸ್ಸಿನಿಂದ ಬೆಳಗಿತೆಂಬುದು ಸ್ವಾರಸ್ಯ. 1957ರಲ್ಲಿ ಚಾಮ್‌ಸ್ಕಿಯು ತನ್ನ 'ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್' ಎಂಬ ಗ್ರಂಥದಲ್ಲಿ, ಎರಡು ವಾಕ್ಯಗಳು ಒಂದೇ ಜಾತಿಯ ಒಂದೊಂದು ಅವಯವದಲ್ಲಿ ಮಾತ್ರ ಭಿನ್ನವಾಗಿದ್ದರೆ ಆ ಅವಯವಗಳನ್ನು 'ಆಂಡ್' ಎಂಬುದರಿಂದ ಕೂಡಿಸಿ ಒಂದು ವಾಕ್ಯವನ್ನು ಪಡೆಯಬಹುದೆಂದು ನಿಯಮವನ್ನು ರಚಿಸಿದನು. ಇದರಲ್ಲಿ ಒಂದು ಗುಣವಿದೆ: 'ಕೇಮ್' 'ಸ್ಯಾಟ್' ಎಂಬ ವಿಧೇಯಗಳು ಒಂದೊಂದು ಅಖಂಡವಾದ ಅವಯವವೆಂಬುದು ಈ ನಿಯಮದಿಂದಲೇ ಪರೀಕ್ಷಿತವಾಗುವುದು. ಆದರೆ ಎರಡು ವಾಕ್ಯಗಳಿಂದ ಒಂದು ಎಂಬ ಮೂಲಕಲ್ಪನೆಯು ಲೌತನದೇ.

1970ರಲ್ಲಿ ಬಾರ್ಬರಾ ಪಾರ್ಟೀ ಎಂಬ ವಿದುಷಿಯು ಕರ್ತೃಸ್ಥಾನದಲ್ಲಿ 'ಫ್ಯೂ', ಎಂದರೆ 'ಕೆಲವೇ ಕೆಲವು', ಎಂಬ ಶಬ್ದವುಳ್ಳ ವಾಕ್ಯಗಳನ್ನು ಮುಂದಿಟ್ಟಳು. ಅವಳ ಯುಕ್ತಿಯನ್ನು ನಮ್ಮ ಉದಾಹರಣೆಯಿಂದ ವಿವರಿಸುವೆನು. 'ಫ್ಯೂ ಪಂಡಿತ್ಸ್ ನೋ ಗ್ರೀಕ್ ಆಂಡ್ ರೈಟ್ ಕನ್ನಡ' ಎಂದರೆ ಗ್ರೀಕನ್ನು ಬಲ್ಲವರೂ ಆಗಿ ಕನ್ನಡದಲ್ಲಿ ಬರೆಯುವವರೂ ಆದ ಪಂಡಿತರು ಅತಿ ವಿರಳವೆಂದರ್ಥ. ಅದು ಸತ್ಯ. ಇದನ್ನು ಲೌತನ ರೀತಿಯಲ್ಲಿ ಬಿಡಿಸಿದರೆ 'ಗ್ರೀಕನ್ನು ಬಲ್ಲ ಪಂಡಿತರು ವಿರಳ. ಕನ್ನಡದಲ್ಲಿ ಬರೆಯುವ ಪಂಡಿತರು ವಿರಳ' ಎಂದಾಗುವುದು. ಎರಡನೆಯದು ಶುದ್ಧ ಸುಳ್ಳು; ದೇವರ ದಯದಿಂದ ನಾವು ಬೇಕಾದಷ್ಟು ಜನರಿದ್ದೇವೆ. ಸಮುಚ್ಚಿತವಾಕ್ಯವು ಸತ್ಯ, ಅದರ ಮೂಲವೆನ್ನಿಸಿಕೊಂಡ ವಾಕ್ಯಗಳಲ್ಲಿ ಒಂದು ಅಸತ್ಯ ಎಂದಮೇಲೆ ಇವು ಅದರ ಮೂಲವಾಗುವುದೆಂತು? ಹಾಗೆಯೇ 'ನೋ ಗೆಸ್ಟ್ ಏಟ್ ಆಂಡ್ ವೆಂಟ್ ಹಂಗ್ರಿ', ಎಂದರೆ ಉಂಡೂ ಹಸಿದು ಹೋದ ಅತಿಥಿಯು ಒಬ್ಬನೂ ಇಲ್ಲವೆಂಬ ವಾಕ್ಯ. ಇದನ್ನು ಬಿಡಿಸಿದರೆ ಯಾವ ಅತಿಥಿಯೂ ಉಣ್ಣಲಿಲ್ಲ, ಯಾವ ಅತಿಥಿಯೂ ಹಸಿದು ಹೋಗಲಿಲ್ಲ ಎಂಬ ವಿಚಿತ್ರ ಸತ್ಕಾರವು ಫಲಿಸುವುದು. ಆದ್ದರಿಂದ ಕೂಡತಕ್ಕವು ವಿಧೇಯಗಳೇ ಹೊರತು ವಾಕ್ಯಗಳಲ್ಲ. ಮೊದಲು ಎರಡು ವಿಧೇಯಗಳು ಸೇರಿ ಒಂದು ಮಹಾವಿಧೇಯವಾಗಿ, ಅನಂತರ ಅದಕ್ಕೆ ಕರ್ತೃವಿನೊಡನೆ ಒಂದೇ ಬಾರಿ ಅನ್ವಯ. 1981ರಲ್ಲಿ ಗ್ಯಾಜ್ಡರನು ವಾಕ್ಯಗಳ ಸಂಕೋಚವಿಲ್ಲದೆಯೇ ಅವಯವಗಳನ್ನು ನೇರವಾಗಿ ಕೂಡಿಸುವ ವ್ಯವಸ್ಥೆಯನ್ನು ಕಟ್ಟಿದನು. 1983ರಲ್ಲಿ ಪಾರ್ಟೀ ಮತ್ತು ರೂತ್ ಎಂಬವರು ಅದಕ್ಕೆ ತಕ್ಕ ಅರ್ಥವ್ಯವಸ್ಥೆಯನ್ನು ವಿಸ್ತರಿಸಿದರು. 2002ರಲ್ಲಿ ಹೊರಬಂದ ಕೇಂಬ್ರಿಜಿನ ಬೃಹದ್ವ್ಯಾಕರಣವೂ ಇವನ್ನು ವಿಧೇಯಸಮುಚ್ಚಯವೆಂದೇ ವ್ಯವಹರಿಸುವುದು.

ಇಷ್ಟು ಸ್ಪಷ್ಟವಾದ ದೋಷವು ಅಷ್ಟು ಕಾಲ ಹೇಗೆ ಮರೆಯಾಗಿದ್ದಿತು? ನನಗೆ ತೋರುವಂತೆ ಅದು ಉದಾಹರಣೆಗಳ ಅಪರಾಧ. ಶಾಲಾವ್ಯಾಕರಣಗಳಲ್ಲಿ ಪ್ರಾಯಿಕವಾಗಿ ಕರ್ತೃವಾಗಿ ಬರುವವನು ಪೀಟರನೋ ಜಾನನೋ, ನಮ್ಮಲ್ಲಿಯಾದರೆ ರಾಮನೋ. ವ್ಯಕ್ತಿಯು ಒಬ್ಬನೇ ಎಂದು ನಿಶ್ಚಿತವಾದಲ್ಲಿ ಎರಡು ವಾಕ್ಯವೆಂದರೂ ಒಂದು ವಾಕ್ಯವೆಂದರೂ ಅರ್ಥದಲ್ಲಿ ಭೇದವು ಕಾಣದು. 'ಯಾರೋ ಒಬ್ಬ', 'ಯಾವನೂ ಇಲ್ಲ', 'ಕೆಲವರೇ' ಎಂದೊಡನೆ ಭೇದವು ಹೊರಬೀಳುವುದು. 'ಯಾರೋ ಬಂದು ಹೋದರು' ಎಂಬುದೂ 'ಯಾರೋ ಬಂದರು, ಯಾರೋ ಹೋದರು' ಎಂಬುದೂ ಒಂದೇ ಆಗುವುದೇ? ಪಾಣಿನಿಯು ತೃತೀಯಾಧ್ಯಾಯದಲ್ಲಿ ಕ್ತ್ವಾ ಪ್ರತ್ಯಯವನ್ನು ವಿಧಿಸುವಾಗ 'ಸಮಾನಕರ್ತೃಕಗಳಾದ' ಎರಡು ಧಾತ್ವರ್ಥಗಳಲ್ಲಿ ಎಂದು ನಿಬಂಧನೆಯನ್ನು ಹಾಕಿರುವನು. ಕರ್ತೃವಾಚಕವಾದ ಪದವು ಎರಡು ಸಲ ಬಂದು ಒಂದು ಸಲ ಲೋಪವಾಯಿತೆಂದು ಅವನು ಹೇಳಲಿಲ್ಲ, ಕರ್ತೃವೇ ಒಬ್ಬನೆಂದನು. ಶಬ್ದದ ಸಾಮ್ಯವನ್ನು ಹೇಳದೆ ಅರ್ಥದ ಐಕ್ಯವನ್ನು ಹೇಳಿದುದರಲ್ಲಿ ಆ ಮಹರ್ಷಿಯ ಸೂಕ್ಷ್ಮದೃಷ್ಟಿಯಿದೆ. ಹಾಗೆಂದು ಇಂಗ್ಲಿಷರು ಇಂದು ಕಂಡುದನ್ನೆಲ್ಲ ನಮ್ಮವರು ಅಂದೇ ಹೇಳಿದ್ದರೆಂಬ ಜಂಬಕ್ಕೆ ನಾನು ಹೊರಟಿಲ್ಲ. 'ಫ್ಯೂ' ಎಂಬ ಶಬ್ದದ ಯುಕ್ತಿಯನ್ನು ನಾನು ನಮ್ಮ ಗ್ರಂಥಗಳಿಂದ ಕಲಿತವನಲ್ಲ.

ಇನ್ನು ಪೌರ್ವಾಪರ್ಯದ ಪ್ರಶ್ನೆ. 1952ರಲ್ಲಿ ತಾರ್ಕಿಕನಾದ ಸ್ಟ್ರಾಸನ್ನನು, ಅವರಿಗೆ ಮದುವೆಯಾಯಿತು 'ಆಂಡ್' ಮಗುವಾಯಿತು ಎಂಬುದನ್ನು ತಿರುಗಿಸಿ ಮಗುವಾಯಿತು 'ಆಂಡ್' ಮದುವೆಯಾಯಿತು ಎಂದರೆ ಸಮಾಜದಲ್ಲಿ ಬೇರೊಂದು ಮಾತೇ ಆಗುವುದನ್ನು ಎತ್ತಿ ತೋರಿಸಿದನು. ತರ್ಕಶಾಸ್ತ್ರದ ಸಮುಚ್ಚಯಚಿಹ್ನೆಗೆ ಹಿಂದುಮುಂದಿಲ್ಲ. ಇಂಗ್ಲಿಷಿನ 'ಆಂಡ್' ಎಂಬುದಕ್ಕೆ ಇದೆಯೆಂದು ಅವನ ಆಕ್ಷೇಪ. 1967ರಲ್ಲಿ ಹಾರ್ವರ್ಡಿನಲ್ಲಿ ಉಪನ್ಯಾಸಗಳನ್ನು ಕೊಟ್ಟ ಗ್ರೈಸನು ಮಾತಾಡುವವರು ಪಾಲಿಸುವ ನಿಯಮಗಳನ್ನು ಹೇಳುವಾಗ ಕ್ರಮವಾಗಿ ಹೇಳಬೇಕೆಂಬುದನ್ನೂ ಸೇರಿಸಿದನು. ಆ ನಿಯಮದ ಬಲದಿಂದ ಪೌರ್ವಾಪರ್ಯವು ತಾನಾಗಿ ತೋರುವುದು. ಅದು 'ಆಂಡ್' ಎಂಬುದರ ಶಕ್ಯಾರ್ಥವಲ್ಲವೆಂಬುದು ಅವನ ಪಕ್ಷ.

ಈ ವಿವಾದವನ್ನು ಓದಿದ ಮೀಮಾಂಸಕನಿಗೆ ಪಂಚಮಾಧ್ಯಾಯವು ನೆನಪಾಗದೆ ಇರದು. ಅಲ್ಲಿ ಕ್ರಮವನ್ನು ಗೊತ್ತುಮಾಡುವ ಪ್ರಮಾಣಗಳು ಆರು. ಅವುಗಳಲ್ಲಿ ಮೊದಲ ಮೂರು ಶ್ರುತಿ, ಅರ್ಥ, ಪಾಠ. ವೇದವೆಂಬ ದರ್ಭಮುಷ್ಟಿಯನ್ನು ಮಾಡಿ ವೇದಿಯನ್ನು ಮಾಡಬೇಕೆಂಬಲ್ಲಿ ಕ್ತ್ವಾ ಪ್ರತ್ಯಯವೇ ಕ್ರಮವನ್ನು ಬಾಯಿಬಿಟ್ಟು ಹೇಳುವುದು, ಅದು ಶ್ರುತಿ. ಅಗ್ನಿಹೋತ್ರಹೋಮವನ್ನು ಮೊದಲೂ ಗಂಜಿಯ ಪಾಕವನ್ನು ಆಮೇಲೂ ಪಠಿಸಿದೆ, ಆದರೂ ಬೇಯಿಸದ ಗಂಜಿಯಿಂದ ಹೋಮವಾಗದೆಂದು ಪಾಕವೇ ಮೊದಲಾಗುವುದು, ಅದು ಅರ್ಥ. ಇಂತಹ ಬಾಧಕವಿಲ್ಲದಲ್ಲಿ ಓದಿದ ಕ್ರಮವೇ ಮಾಡುವ ಕ್ರಮ, ಅದು ಪಾಠ. ಪಾಠಕ್ಕಿಂತ ಅರ್ಥವು ಬಲವತ್ತರ, ಅರ್ಥಕ್ಕಿಂತ ಶ್ರುತಿಯು ಬಲವತ್ತರ. ಇಂಗ್ಲಿಷಿನ ಕ್ರಿಯಾಸಮುಚ್ಚಯದಲ್ಲಿರುವ ಕ್ರಮವು ಪಾಠಕ್ರಮವೆಂದರೆ ಸ್ಟ್ರಾಸನ್ನನ ಆಕ್ಷೇಪಕ್ಕೂ ಗ್ರೈಸನ ಸಮಾಧಾನಕ್ಕೂ ಎಡೆ ದೊರಕುವುದು. 'ಹೀ ಪ್ರಿಂಟೆಡ್ ಆಂಡ್ ರೋಟ್ ದ ಬುಕ್ ಇನ್ ಒನ್ ಇಯರ್' ಎಂಬಲ್ಲಿ ಅಚ್ಚಿಗಿಂತ ಬರವಣಿಗೆಯೇ ಮೊದಲೆಂದು ಅರ್ಥವು ಪಾಠವನ್ನು ತಳ್ಳಿಹಾಕುವುದು, ವಾಕ್ಯವೇನೂ ಅಶುದ್ಧವಾಗದು. ಇದನ್ನೇ ಕನ್ನಡದಲ್ಲಿ 'ಅಚ್ಚು ಹಾಕಿಸಿ ಬರೆದನು' ಎಂದರೆ ಕೇಳಿದವರು ನಗುವರು. ನಮ್ಮ 'ಹಾಕಿಸಿ' ಎಂಬುದರಲ್ಲಿ ಕ್ರಮವು ಶ್ರುತಿಯಿಂದಲೇ ಬಂದಿದೆ. ಅರ್ಥವು ಅದನ್ನು ಮೀರಲಾರದು.

ಆದರೆ ಇಂಗ್ಲಿಷಿನಲ್ಲಿಯೂ 'ಆಂಡ್' ಎಂಬುದು ಕ್ತ್ವಾ ಪ್ರತ್ಯಯದ ಬಳಿಗೆ ಸರಿಯುವ ಸ್ಥಳಗಳುಂಟು. 'ಗೋ ಆಂಡ್ ಸೀ' ಎಂದರೆ ಹೋಗಿ ನೋಡೆಂದೇ ಹೊರತು ಹೋಗು, ನೋಡು ಎಂಬ ಎರಡು ಆಜ್ಞೆಗಳಲ್ಲ. 1967ರಲ್ಲಿ ರಾಸನು ಸಮುಚ್ಚಯದ ಒಂದೇ ಭಾಗದಿಂದ ಪ್ರಶ್ನಾಪದವನ್ನು ಎಳೆದು ಮುಂದಿಡಲಾಗದೆಂಬ ನಿಯಮವನ್ನು ಸ್ಥಾಪಿಸುವಾಗ, ಅಂಗಡಿಗೆ ಹೋಗಿ ಕೊಂಡನೆಂಬಂತಹ ವಾಕ್ಯಗಳು ಆ ನಿಯಮಕ್ಕೆ ಸಿಕ್ಕುವುದಿಲ್ಲವೆಂದು ತಾನೇ ಒಪ್ಪಿದನು. 'ಅವನು ಅಂಗಡಿಗೆ ಹೋಗಿ ಏನನ್ನು ಕೊಂಡನು?' ಎಂದು ಕನ್ನಡದಲ್ಲಿ ಎಷ್ಟು ಸಹಜವಾಗಿ ಕೇಳಬಹುದೋ ಇಂಗ್ಲಿಷಿನಲ್ಲಿಯೂ ಆ ಒಂದು ಬಗೆಯಲ್ಲಿ ಕೇಳಬಹುದು. ಅಲ್ಲಿ ಮೊದಲ ಕ್ರಿಯೆಯು ಅಂಗವಾಗಿ ಎರಡನೆಯದು ಪ್ರಧಾನವಾಗಿರುವುದೇ ಕಾರಣವೆಂದು ಹೇಳಬೇಕು. 'ಟ್ರೈ ಆಂಡ್ ಕಮ್' ಎಂಬ ಆಡುಮಾತು ಇನ್ನೂ ವಿಚಿತ್ರ. 'ಟ್ರೈ' ಎಂಬುದಕ್ಕೆ ಯಾವ ಪ್ರತ್ಯಯವೂ ಹತ್ತದಿದ್ದರೆ ಮಾತ್ರ ಅದು ಸಾಧು, ಅರ್ಥವಾದರೋ ಬರಲು ಪ್ರಯತ್ನಿಸು ಎಂಬುದೇ.

ಭಾಷಾಂತರಕಾರನ ಕಷ್ಟವು ಇಲ್ಲಿಯೇ ಇರುವುದು. ಇಂಗ್ಲಿಷಿನ ಒಂದೇ ಅವ್ಯಯಕ್ಕೆ ಎದುರಾಗಿ ನಮ್ಮಲ್ಲಿ ಹಲವು ಉಪಾಯಗಳಿವೆ; ಯಾವುದನ್ನು ಆರಿಸಿದರೂ ಮೂಲದಲ್ಲಿ ಬಾಯಿಬಿಡದೆ ಇದ್ದುದನ್ನು ನಾವು ಬಾಯಿಬಿಟ್ಟಂತಾಗುವುದು. 'ಹೀ ರೀಡ್ಸ್ ಸಂಸ್ಕೃತ್ ಆಂಡ್ ರೈಟ್ಸ್ ಕನ್ನಡ' ಎಂಬುದನ್ನು 'ಸಂಸ್ಕೃತವನ್ನು ಓದಿ ಕನ್ನಡವನ್ನು ಬರೆಯುವನು' ಎಂದರೆ, ಮೂಲದಲ್ಲಿಲ್ಲದ ಕ್ರಮವು ನುಗ್ಗಿ ಅವನು ಭಾಷಾಂತರಕಾರನೇ ಆಗಿಬಿಡುವನು. ಇಲ್ಲಿ 'ಓದುವುದೂ ಉಂಟು, ಬರೆಯುವುದೂ ಉಂಟು' ಎಂದೋ, ನಡುವೆ ಏನನ್ನೂ ಇಡದೆ 'ಸಂಸ್ಕೃತವನ್ನು ಓದುವನು, ಕನ್ನಡವನ್ನು ಬರೆಯುವನು' ಎಂದೋ ಹೇಳಬೇಕು. ಪೂರ್ಣಕ್ರಿಯೆಗಳ ನಡುವೆ 'ಮತ್ತು' ಎಂಬುದನ್ನು ನಿಲ್ಲಿಸುವ ಈಚಿನ ರೂಢಿಯು ನನಗೆ ಒಪ್ಪಿಗೆಯಲ್ಲ. ಹಳಗನ್ನಡದ 'ಮತ್ತಂ' ಎಂಬುದು ಪುನಃ, ಅದಲ್ಲದೆ ಎಂಬ ಅರ್ಥದ ಮಾತು. ಅದನ್ನು ಎರಡು ಕ್ರಿಯೆಗಳಿಗೆ ಬೆಸುಗೆಯಾಗಿ ಹಾಕಿದರೆ ಬೆಸುಗೆಯೇ ಎದ್ದುಕಾಣುವುದು. ನಿಷೇಧದಲ್ಲಂತೂ ಎಚ್ಚರವು ಮತ್ತಷ್ಟು ಬೇಕು. 'ಅವನು ಬಂದು ನೋಡಲಿಲ್ಲ' ಎಂದರೆ ಬಂದುದು ನಿಜ, ನೋಡಲಿಲ್ಲವೆಂದೂ ಆಗಬಹುದು. ಬಂದು ನೋಡುವ ಕೆಲಸವನ್ನೇ ಮಾಡಲಿಲ್ಲವೆಂದೂ ಆಗಬಹುದು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಎರಡು ಬೇರೆ ವಾಕ್ಯಗಳು: 'ಹೀ ಕೇಮ್ ಆಂಡ್ ಡಿಡ್ ನಾಟ್ ಸೀ' ಎಂಬುದೊಂದು, 'ಹೀ ಡಿಡ್ ನಾಟ್ ಕಮ್ ಆಂಡ್ ಸೀ' ಎಂಬುದೊಂದು. ನ್ಯಾಯಾಲಯದ ಸಾಕ್ಷಿವಾಕ್ಯವೊಂದನ್ನು ಭಾಷಾಂತರಿಸುವವನು ಇದನ್ನು ಗಮನಿಸದಿದ್ದರೆ ಒಬ್ಬನು ಸ್ಥಳದಲ್ಲಿದ್ದನೋ ಇಲ್ಲವೋ ಎಂಬುದೇ ತಿರುಗಿಹೋದೀತು.

ನಮ್ಮ ಭಾಷೆಯ ಒಂದು ಸ್ವಾತಂತ್ರ್ಯವನ್ನೂ ಹೇಳಬೇಕು. ಸಂಸ್ಕೃತದ ಕ್ತ್ವಾಂತಕ್ಕೆ ಸಮವೆಂದು ನಾವು ಎಣಿಸುವ 'ಬಂದು' 'ಮಾಡಿ' ಮುಂತಾದ ರೂಪಗಳು ಸಮಾನಕರ್ತೃಕತ್ವದ ನಿಬಂಧನೆಯನ್ನು ಎಲ್ಲ ಕಡೆಯಲ್ಲಿಯೂ ಪಾಲಿಸುವುದಿಲ್ಲ. 'ಮಳೆ ಬಂದು ಕೆರೆ ತುಂಬಿತು', 'ಬಿಸಿಲು ಹೆಚ್ಚಿ ಪೈರು ಒಣಗಿತು' ಎನ್ನುವೆವು. ಬಂದುದು ಮಳೆ, ತುಂಬಿದುದು ಕೆರೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರುವುದೇ ಇಲ್ಲಿ ಸಂಬಂಧ. ಇಂಗ್ಲಿಷಿನ ವಿಧೇಯಸಮುಚ್ಚಯಕ್ಕೆ ಈ ಸಾಮರ್ಥ್ಯವಿಲ್ಲ. ಅಲ್ಲಿ 'ದ ರೇನ್ ಕೇಮ್' ಎಂದ ಮೇಲೆ 'ಆಂಡ್ ದ ಟ್ಯಾಂಕ್ ಫಿಲ್ಡ್' ಎಂದು ಎರಡನೆಯ ಕರ್ತೃವನ್ನು ಹೆಸರಿಸಲೇಬೇಕು; ಆಗ ಲೌತನು ಹೇಳಿದಂತೆ ನಿಜವಾಗಿಯೂ ಎರಡು ವಾಕ್ಯಗಳೇ ಆಗುವುವು.